ಮಾತ್ರೆಗಷ್ಟೇ ಅಲ್ಲ, ಮಾತಿಗೂ ಇಂಡೆಂಟ್ ಹಾಕುವಂತಾಗಲಿ

ಮಾನ್ಯ ಸಂಪಾದಕರೇ,

ಮೂವತ್ತೊಂದು ವರ್ಷ ಸರ್ಕಾರಿ ಆಸ್ಪತ್ರೆಗಳ ಔಷಧ ವಿತರಣೆಯ ಕಿಟಕಿಯ ಹಿಂದೆ ಕುಳಿತು, ಅದರಲ್ಲಿ ಕೊನೆಯ ಹನ್ನೆರಡು ವರ್ಷಗಳನ್ನು ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಕಳೆದು ನಿವೃತ್ತನಾದ ಫಾರ್ಮಸಿಸ್ಟ್ ನಾನು. ಮಾತ್ರೆ ಎಣಿಸಿ ಕೊಟ್ಟೇ ಸಂಸಾರ ಸಾಕಿದವನು ಮಾತ್ರೆಯಲ್ಲದ ಚಿಕಿತ್ಸೆಯ ಪರವಾಗಿ ಬರೆಯುವುದು ಕೆಲವರಿಗೆ ವಿಚಿತ್ರವಾಗಿ ಕಾಣಬಹುದು. ಮಾನಸಿಕ ಆರೋಗ್ಯದ ವಿಚಾರ ಬಂದಾಗಲೆಲ್ಲ ನಮ್ಮಲ್ಲಿ ಎರಡೇ ಬಗೆಯ ಮಾತು ಕೇಳಿಬರುತ್ತದೆ. ಮಾತ್ರೆಯೆಂದರೆ ಬರೀ ಅಮಲು, ಅದನ್ನು ಬಿಸಾಡಿ ಪ್ರಾಣಾಯಾಮ ಮಾಡಿ ಎನ್ನುವವರು ಒಂದು ಕಡೆ. ಇದೂ ಸಕ್ಕರೆ ಕಾಯಿಲೆಯ ಹಾಗೆಯೇ, ಸುಮ್ಮನೆ ಮಾತ್ರೆ ನುಂಗಿ ಎನ್ನುವವರು ಇನ್ನೊಂದು ಕಡೆ. ಈ ಇಬ್ಬರ ನಡುವೆ ಸಿಕ್ಕಿಕೊಂಡವರನ್ನು ಕಿಟಕಿಯ ಆಚೆ ಬದಿಯಲ್ಲಿ ಇಷ್ಟು ವರ್ಷ ನೋಡಿದ್ದರಿಂದ ಈ ಪತ್ರ ಬರೆಯುವ ಧೈರ್ಯ ಮಾಡಿದ್ದೇನೆ.

2014ರಲ್ಲಿ ರಾಜ್ಯ ಸರ್ಕಾರವು ಮನೋಚೈತನ್ಯ ಕಾರ್ಯಕ್ರಮವನ್ನು ಆರಂಭಿಸಿ, ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲೇ ಮನೋವೈದ್ಯರ ಸೇವೆ ಸಿಗುವಂತೆ ಮಾಡಿತು. ಅದಕ್ಕೂ ಮೊದಲು ಜಿಲ್ಲಾ ಕೇಂದ್ರಕ್ಕೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಬಸ್ಸು ಹತ್ತಬೇಕಾಗಿದ್ದ ಹಳ್ಳಿಯ ಜನರಿಗೆ ಅದರಿಂದ ಆದ ಉಪಕಾರ ಸಣ್ಣದಲ್ಲ. ಆದರೆ ಮಂಗಳವಾರದ ಸಾಲು ಎಷ್ಟು ಉದ್ದ ಬೆಳೆಯುತ್ತಿತ್ತೆಂದರೆ, ಒಬ್ಬೊಬ್ಬರಿಗೆ ವೈದ್ಯರು ಕೊಡಬಹುದಾಗಿದ್ದದ್ದು ಮೂರು ನಾಲ್ಕು ನಿಮಿಷ ಮಾತ್ರ. ನಿದ್ದೆ ಬರುತ್ತಿದೆಯೇ, ಊಟ ಸೇರುತ್ತಿದೆಯೇ, ಮಾತ್ರೆ ತಪ್ಪಿಸಿಲ್ಲ ತಾನೇ ಎಂದು ಕೇಳುವಷ್ಟರಲ್ಲಿ ಮುಂದಿನ ಚೀಟಿ ಮೇಜಿನ ಮೇಲಿರುತ್ತಿತ್ತು. ವೈದ್ಯರ ಕೊಠಡಿಯಲ್ಲಿ ಹೇಳಲಾಗದೆ ಉಳಿದ ಮಾತನ್ನು ಜನ ನನ್ನ ಕಿಟಕಿಯ ಬಳಿ ತರುತ್ತಿದ್ದರು.

ಹಾಗೆ ಬಂದವರಲ್ಲಿ ಒಬ್ಬ ಅಜ್ಜಿ ನನಗೆ ಇಂದಿಗೂ ನೆನಪಿದ್ದಾರೆ. ಗಂಡ ತೀರಿಕೊಂಡಿದ್ದರು, ಮಗ ಸೊಸೆ ಗಾರ್ಮೆಂಟ್ಸ್ ಕೆಲಸಕ್ಕೆಂದು ಬೆಂಗಳೂರು ಸೇರಿದ್ದರು, ಒಬ್ಬರೇ ನೋಡಿಕೊಳ್ಳಲಾಗದೆಂದು ಮನೆಯವರು ಇದ್ದ ಹತ್ತಾರು ಕುರಿಗಳನ್ನೂ ಮಾರಿಬಿಟ್ಟಿದ್ದರು. ಖಿನ್ನತೆಯ ಮಾತ್ರೆಯನ್ನೂ ನಿದ್ದೆಗೊಂದು ಮಾತ್ರೆಯನ್ನೂ ಕಾಗದದ ಪೊಟ್ಟಣದಲ್ಲಿ ಹಾಕಿ ಕೊಟ್ಟಾಗ ಅವರು ಅದನ್ನು ಸೆರಗಿಗೆ ಕಟ್ಟಿಕೊಳ್ಳುತ್ತ, ‘ಸ್ವಾಮಿ, ಈ ಗುಳಿಗೆ ನುಂಗಿದ್ರೆ ನಿದ್ದೇನೋ ಬತ್ತೈತೆ. ಎದ್ದ ಮ್ಯಾಲೆ ಏನ್ ಮಾಡ್ಲಿ?’ ಎಂದು ಕೇಳಿದರು. ‘ದೇವರ ಧ್ಯಾನ ಮಾಡಮ್ಮ’ ಎಂದೆ. ‘ಅದನ್ನ ಮಾಡ್ತಾನೇ ಇದೀನಿ’ ಎಂದರು. ಹಿಂದಿನ ಸಾಲಿನವರು ಗೊಣಗತೊಡಗಿದ್ದರಿಂದ ಅವರು ಪಕ್ಕಕ್ಕೆ ಸರಿದರು.

ಅಜ್ಜಿಯ ಪ್ರಶ್ನೆಗೆ ವೈದ್ಯಶಾಸ್ತ್ರದಲ್ಲಿ ಉತ್ತರವಿದೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಖಿನ್ನತೆಯಲ್ಲಿ ಮನುಷ್ಯ ಮೊದಲು ತನಗೆ ಹಿತ ಕೊಡುತ್ತಿದ್ದ ಕೆಲಸಗಳಿಂದ ಒಂದೊಂದಾಗಿ ಹಿಂದೆ ಸರಿಯುತ್ತಾನೆ. ಸಂತೆಗೆ ಹೋಗುವುದು ನಿಲ್ಲುತ್ತದೆ, ನೆಂಟರ ಮನೆಯ ಮದುವೆಗೆ ಹೋಗುವುದು ನಿಲ್ಲುತ್ತದೆ, ಕೊನೆಗೆ ತಲೆ ಬಾಚಿಕೊಳ್ಳುವುದೂ ಭಾರವಾಗುತ್ತದೆ. ಕೆಲಸ ನಿಂತಷ್ಟೂ ಮನಸ್ಸು ಕುಗ್ಗುತ್ತದೆ, ಮನಸ್ಸು ಕುಗ್ಗಿದಷ್ಟೂ ಕೆಲಸ ನಿಲ್ಲುತ್ತದೆ. ಈ ಸುಳಿಯನ್ನು ಹೊರಗಿನ ತುದಿಯಿಂದ ಬಿಡಿಸುವ ವಿಧಾನವನ್ನು ವರ್ತನಾ ಚಾಲನೆ ಎಂದು ಕರೆಯಬಹುದು. ಉತ್ಸಾಹ ಬಂದ ಮೇಲೆ ಕೆಲಸ ಮಾಡೋಣವೆಂದು ಕಾಯದೆ, ಸಣ್ಣ ಕೆಲಸವೊಂದನ್ನು ಮೊದಲು ಮಾಡಿ, ಉತ್ಸಾಹ ಅದರ ಹಿಂದೆ ಬರುವುದೇ ಎಂದು ನೋಡುವುದು ಇದರ ತಿರುಳು. ಆಪ್ತಸಲಹೆಗಾರರು ಎದುರಿಗೆ ಕುಳಿತು ದಿನದ ಯಾವ ಹೊತ್ತಿನಲ್ಲಿ ಏನು ಮಾಡುತ್ತೀರಿ, ಆಗ ಮನಸ್ಸು ಹೇಗಿರುತ್ತದೆ ಎಂದು ಕೇಳಿ ಬರೆದುಕೊಳ್ಳುತ್ತಾರೆ. ಮುಂದಿನ ವಾರಕ್ಕೆ ಮಾಡಲು ಸಾಧ್ಯವಿರುವ ಒಂದೆರಡು ಕೆಲಸಗಳನ್ನು ರೋಗಿಯ ಬಾಯಿಂದಲೇ ಹೊರಡಿಸುತ್ತಾರೆ. ಮುಂದಿನ ವಾರ ಬಂದಾಗ ಅದು ನಡೆಯಿತೇ, ನಡೆಯದಿದ್ದರೆ ಎಲ್ಲಿ ಅಡ್ಡಿಯಾಯಿತು ಎಂದು ವಿಚಾರಿಸುತ್ತಾರೆ. ಉಪದೇಶಕ್ಕೂ ಇದಕ್ಕೂ ಇರುವ ಅಂತರ ಇಲ್ಲಿದೆ. ಉಪದೇಶ ಮಾಡಿದವರು ಮುಂದಿನ ವಾರ ಲೆಕ್ಕ ಕೇಳುವುದಿಲ್ಲ.

ಇದು ಬರೀ ಮಾತಿನ ಮಂಟಪವಲ್ಲ ಎನ್ನುವುದಕ್ಕೆ ನೆರೆಯ ಗೋವಾದಲ್ಲೇ ಪುರಾವೆಯಿದೆ. ಅಲ್ಲಿನ ‘ಸಂಗಾತ್’ ಸಂಸ್ಥೆಯು ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರ ನೇತೃತ್ವದಲ್ಲಿ ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ, ಸಾಕಷ್ಟು ತೀವ್ರವಾದ ಖಿನ್ನತೆಯಿದ್ದ 495 ವಯಸ್ಕರೊಂದಿಗೆ ಒಂದು ಅಧ್ಯಯನ ನಡೆಸಿತು. ಎಲ್ಲರ ವಿಷಯವನ್ನೂ ಕೇಂದ್ರದ ವೈದ್ಯರಿಗೆ ತಿಳಿಸಿ ಎಂದಿನ ಚಿಕಿತ್ಸೆ ಸಿಗುವಂತೆ ನೋಡಿಕೊಳ್ಳಲಾಯಿತು. ಅವರಲ್ಲಿ ಅರ್ಧದಷ್ಟು ಮಂದಿಗೆ ಮಾತ್ರ ಹೆಚ್ಚುವರಿಯಾಗಿ ಆರರಿಂದ ಎಂಟು ಬಾರಿ ಆಪ್ತಸಲಹೆ ದೊರೆಯಿತು. ಸಲಹೆ ಕೊಟ್ಟವರು ಮನೋವೈದ್ಯರೂ ಅಲ್ಲ, ಮನಶ್ಶಾಸ್ತ್ರದ ಪದವೀಧರರೂ ಅಲ್ಲ. ತರಬೇತಿ ಪಡೆದ ಸ್ಥಳೀಯರು. 2017ರಲ್ಲಿ ಲ್ಯಾನ್ಸೆಟ್ ನಿಯತಕಾಲಿಕದಲ್ಲಿ ಪ್ರಕಟವಾದ ಫಲಿತಾಂಶದಂತೆ ಮೂರು ತಿಂಗಳ ನಂತರ ಸಲಹೆ ಪಡೆದವರಲ್ಲಿ ಶೇ 64ರಷ್ಟು ಮಂದಿ ಖಿನ್ನತೆಯಿಂದ ಹೊರಬಂದಿದ್ದರೆ, ಎಂದಿನ ಚಿಕಿತ್ಸೆ ಮಾತ್ರ ಪಡೆದವರಲ್ಲಿ ಹೊರಬಂದವರು ಶೇ 39. ಒಂದು ಹೊಸ ಮಾತ್ರೆ ಇಷ್ಟು ಫಲ ಕೊಟ್ಟಿದ್ದರೆ ಔಷಧ ಕಂಪನಿಗಳ ಪ್ರತಿನಿಧಿಗಳು ಬ್ಯಾಗು ಹಿಡಿದು ಪ್ರತಿ ಆಸ್ಪತ್ರೆಯ ಬಾಗಿಲು ಕಾಯುತ್ತಿದ್ದರು. ಮಾತನ್ನು ಮಾರುವ ಪ್ರತಿನಿಧಿ ಇಲ್ಲವಾದ್ದರಿಂದ ಗೋವಾದ ಈ ಸುದ್ದಿ ಗಡಿ ದಾಟಿ ನಮ್ಮ ತಾಲ್ಲೂಕಿಗೆ ಬಂದೇ ಇಲ್ಲ.

ಇನ್ನೂ ದೂರದ ನಿದರ್ಶನವೊಂದು ಜಿಂಬಾಬ್ವೆಯದು. ಅಲ್ಲಿನ ಮನೋವೈದ್ಯ ಡಿಕ್ಸನ್ ಚಿಬಾಂಡಾ ಅವರು 2006ರಲ್ಲಿ ರಾಜಧಾನಿ ಹರಾರೆಯ ಎಂಬಾರೆ ಎಂಬಲ್ಲಿ ಹದಿನಾಲ್ಕು ಮಂದಿ ಅಜ್ಜಿಯರಿಗೆ ತರಬೇತಿ ಕೊಟ್ಟು, ಆರೋಗ್ಯ ಕೇಂದ್ರದ ಹೊರಗೆ ಒಂದು ಮರದ ಬೆಂಚು ಹಾಕಿ, ಮನಸ್ಸು ನೊಂದವರು ಅಲ್ಲಿ ಕುಳಿತು ಅವರೊಂದಿಗೆ ಮಾತನಾಡುವ ವ್ಯವಸ್ಥೆ ಮಾಡಿದರು. 573 ಮಂದಿಯ ಮೇಲೆ ನಡೆದ ಪರೀಕ್ಷೆಯಲ್ಲಿ ಅದರ ಪ್ರಯೋಜನ ದೃಢಪಟ್ಟು 2016ರಲ್ಲಿ ವರದಿಯಾಯಿತು. ಅಲ್ಲಿನ ಶೋನಾ ಭಾಷೆಯವರು ಖಿನ್ನತೆಯನ್ನು ಹೇಳಲು ಬಳಸುವ ಪದ ‘ಕುಫುಂಗಿಸಿಸಾ’. ಅತಿಯಾಗಿ ಯೋಚಿಸುವುದು ಎಂದು ಅದರ ಅರ್ಥ. ನಮ್ಮ ಹಳ್ಳಿಗಳಲ್ಲೂ ಯಾರೂ ‘ನನಗೆ ಖಿನ್ನತೆಯಿದೆ’ ಎಂದು ಕಿಟಕಿಯ ಬಳಿ ಹೇಳಿದ್ದನ್ನು ನಾನು ಕೇಳಿಲ್ಲ. ‘ಯೋಚನೆ ಹತ್ಕೊಂಡೈತೆ’ ಎನ್ನುತ್ತಾರೆ, ಇಲ್ಲವೇ ‘ಎದೆ ಭಾರ’ ಎನ್ನುತ್ತಾರೆ.

ಇದನ್ನು ಓದಿದವರು ನಮ್ಮ ಊರಿನ ಅಶ್ವತ್ಥಕಟ್ಟೆಯೂ ಇದೇ ಅಲ್ಲವೇ, ಹಿರಿಯರು ಜಗಲಿಯ ಮೇಲೆ ಕುಳಿತು ಮನಸ್ಸು ಹಗುರ ಮಾಡಿಕೊಳ್ಳುತ್ತಿರಲಿಲ್ಲವೇ ಎನ್ನಬಹುದು. ಆ ಹಂಬಲ ನನಗೂ ಅರ್ಥವಾಗುತ್ತದೆ, ಆದರೆ ಕಟ್ಟೆಯ ಗುಣಗಾನ ನನಗೆ ಒಪ್ಪಿಗೆಯಿಲ್ಲ. ಕಟ್ಟೆಯ ಮೇಲೆ ಹೆಂಗಸರು ಕೂರುವಂತಿರಲಿಲ್ಲ. ಕೇರಿಯವರಂತೂ ಹತ್ತಿರವೂ ಸುಳಿಯುವಂತಿರಲಿಲ್ಲ. ಮೇಲಾಗಿ ಕಟ್ಟೆಯ ಮೇಲೆ ಬೆಳಿಗ್ಗೆ ಆಡಿದ ಮಾತು ಸಂಜೆಯೊಳಗೆ ಊರೆಲ್ಲ ಸುತ್ತಿರುತ್ತದೆ. ಹರಾರೆಯ ಬೆಂಚು ಫಲ ಕೊಟ್ಟಿರುವುದು ಅಲ್ಲಿ ಕುಳಿತ ಅಜ್ಜಿಗೆ ತರಬೇತಿಯಿದೆ, ಗುಟ್ಟು ಕಾಯುವ ನಿಯಮವಿದೆ, ತನ್ನ ಕೈಮೀರಿದವರನ್ನು ಮೇಲಿನವರ ಬಳಿಗೆ ಕಳುಹಿಸುವ ದಾರಿಯಿದೆ ಎಂಬ ಕಾರಣಕ್ಕೆ. ಈ ಮೂರೂ ಇಲ್ಲದಿದ್ದರೆ ಅದೂ ಒಂದು ಹರಟೆಕಟ್ಟೆಯಾಗುತ್ತಿತ್ತು.

ಮುಂದುವರಿಯುವ ಮೊದಲು ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಮಾತ್ರೆಯಲ್ಲದ ಚಿಕಿತ್ಸೆ ಬೇಕು ಎಂದರೆ ಮಾತ್ರೆ ಬೇಡ ಎಂದರ್ಥವಲ್ಲ. ಇಲ್ಲದ ದನಿ ಕೇಳಿಸುವ, ಭ್ರಮೆ ಕಾಡುವ ಸ್ಕಿಜೋಫ್ರೇನಿಯಾ, ಮನಸ್ಸು ಅತಿಯಾದ ಉಬ್ಬರಕ್ಕೂ ಖಿನ್ನತೆಗೂ ತೂಗಾಡುವ ಬೈಪೋಲಾರ್ ಕಾಯಿಲೆ, ಊಟ ನಿದ್ದೆ ಬಿಟ್ಟು ಸಾಯುವ ಮಾತಾಡುವ ತೀವ್ರ ಖಿನ್ನತೆ ಇವುಗಳಲ್ಲಿ ಔಷಧವನ್ನು ತಪ್ಪಿಸುವುದು ಅಪಾಯಕಾರಿ. ಯಾರದೋ ಮಾತು ಕೇಳಿ ಒಮ್ಮೆಲೇ ಮಾತ್ರೆ ನಿಲ್ಲಿಸಿ, ಎರಡು ತಿಂಗಳಲ್ಲಿ ಮೊದಲಿಗಿಂತ ಕೆಟ್ಟ ಸ್ಥಿತಿಯಲ್ಲಿ ಬಂದವರನ್ನು ನಾನು ಕಂಡಿದ್ದೇನೆ. ಔಷಧವಿಲ್ಲದ ‘ಚಿಕಿತ್ಸೆ’ಗಳ ಇತಿಹಾಸವೂ ಅಷ್ಟು ಸೌಮ್ಯವಾದದ್ದಲ್ಲ. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ದೈವದ ನಂಬಿಕೆಯ ಮೇಲೆ ಮಾನಸಿಕ ರೋಗಿಗಳನ್ನು ಇರಿಸಿಕೊಂಡಿದ್ದ ಗೃಹವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿಹಾಕಿದ್ದರಿಂದ ಓಡಲಾಗದೆ 28 ಮಂದಿ ಸತ್ತರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿಯನ್ನು ಸಂಪೂರ್ಣವಾಗಿ ನಿಷೇಧಿಸಿದೆ. ಸರಪಳಿಯಷ್ಟು ಕಣ್ಣಿಗೆ ಬೀಳದ ಇನ್ನೊಂದು ‘ಮದ್ದು’ ನಮ್ಮಲ್ಲಿ ಮದುವೆ. ‘ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾದ ಹೊರತು ಹುಚ್ಚು ಬಿಡದು’ ಎಂಬ ಗಾದೆಯನ್ನು ನಾವು ನಗೆಚಾಟಿಕೆಗೆ ಹೇಳುತ್ತೇವೆ. ಆದರೆ ಅದನ್ನು ಅಕ್ಷರಶಃ ನಂಬಿ, ಕಾಯಿಲೆಯ ಸುಳಿವು ಕೊಡದೆ ಮದುವೆ ಮಾಡಿ, ಗುಟ್ಟು ಬಯಲಾಗುವುದೆಂದು ಮಾತ್ರೆಯನ್ನೂ ಬಿಡಿಸಿ, ಎರಡು ಜೀವಗಳನ್ನು ಹಾಳುಮಾಡಿದ ಮನೆಗಳು ಪ್ರತಿ ಹೋಬಳಿಯಲ್ಲೂ ಸಿಗುತ್ತವೆ.

ನಿದ್ದೆಯ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ನಾನು ಅತ್ಯಂತ ಹತ್ತಿರದಿಂದ ಬಲ್ಲದ್ದು ಇದನ್ನೇ. ‘ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎನ್ನುತ್ತಾರೆ. ಚಿಂತೆಯುಳ್ಳವರ ಕೈಗೆ ನಾವು ಕೊಟ್ಟಿದ್ದು ಆಲ್‌ಪ್ರಜೋಲಾಂ. ಕೆಲವು ವಾರಗಳಿಗೆಂದು ಆರಂಭಿಸಿದ ಈ ಮಾತ್ರೆಯನ್ನು ವರ್ಷಗಟ್ಟಲೆ ಬಿಡಲಾಗದೆ ಒದ್ದಾಡುವವರ ಸಂಖ್ಯೆ ದೊಡ್ಡದು. ಅತ್ತೆಯ ಮಾತ್ರೆಯನ್ನು ಸೊಸೆಯೂ, ಸೊಸೆಯದನ್ನು ಪಕ್ಕದ ಮನೆಯವರೂ ಹಂಚಿಕೊಳ್ಳುತ್ತಾರೆ. ಆಲ್‌ಪ್ರಜೋಲಾಂ 2014ರಿಂದ ಜಾರಿಯಲ್ಲಿರುವ, ಕಟ್ಟುನಿಟ್ಟಾಗಿ ಮಾರಬೇಕಾದ ಔಷಧಗಳ ಎಚ್1 ಅನುಸೂಚಿಯಲ್ಲಿದೆ. ಯಾರಿಗೆ, ಯಾವ ವೈದ್ಯರ ಚೀಟಿಯ ಮೇಲೆ, ಎಷ್ಟು ಕೊಟ್ಟೆವೆಂದು ಅಂಗಡಿಯವರು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಎಲ್ಲ ಅಂಗಡಿಗಳಲ್ಲೂ ಹಾಗೆ ನಡೆಯುತ್ತದೆಂದು ನಾನು ಪ್ರಮಾಣ ಮಾಡಲಾರೆ.

ದೀರ್ಘಕಾಲದ ನಿದ್ರಾಹೀನತೆಗೆ ಮೊದಲು ಕೊಡಬೇಕಾದ ಚಿಕಿತ್ಸೆ ಮಾತ್ರೆಯಲ್ಲ, ಅರಿವು ಮತ್ತು ವರ್ತನೆಯನ್ನು ತಿದ್ದುವ ಚಿಕಿತ್ಸೆ ಎಂದು ಅಮೆರಿಕದ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲೇ ಶಿಫಾರಸು ಮಾಡಿತು. ಅದರ ಕೆಲವು ನಿಯಮಗಳು ಕೇಳಲು ಬಹಳ ಸರಳ. ರಾತ್ರಿ ಎಷ್ಟೇ ಹೊತ್ತಿಗೆ ಮಲಗಿದ್ದರೂ ಬೆಳಿಗ್ಗೆ ನಿಗದಿತ ವೇಳೆಗೆ ಏಳಬೇಕು, ಹಗಲು ಮಲಗಬಾರದು, ನಿದ್ದೆ ತೂಗಿದ ಮೇಲೆಯೇ ಹಾಸಿಗೆಗೆ ಹೋಗಬೇಕು, ಇಪ್ಪತ್ತು ನಿಮಿಷವಾದರೂ ಕಣ್ಣು ಹತ್ತದಿದ್ದರೆ ಎದ್ದು ಬಂದು ಬೇರೆಡೆ ಕೂರಬೇಕೇ ಹೊರತು ಹೊರಳಾಡುತ್ತ ಗಡಿಯಾರ ನೋಡಬಾರದು, ಹಾಸಿಗೆಯಲ್ಲಿ ಕಳೆಯುವ ಅವಧಿಯನ್ನು ನಿಜವಾಗಿ ನಿದ್ದೆ ಬರುವ ಅವಧಿಗೆ ಹೊಂದಿಸಿ, ನಿದ್ದೆ ಗಟ್ಟಿಯಾದಂತೆ ಹಂತಹಂತವಾಗಿ ಹಿಗ್ಗಿಸಬೇಕು. ಮೊದಲ ಒಂದೆರಡು ವಾರ ಇದು ಹಿಂಸೆಯೆನಿಸುತ್ತದೆ, ಆ ವಾರಗಳಲ್ಲಿ ಜೊತೆಗೆ ನಿಂತು ಧೈರ್ಯ ಹೇಳುವ ಒಬ್ಬರು ಬೇಕು. ಹತ್ತು ಮಾತ್ರೆಯ ಸ್ಟ್ರಿಪ್ಪು ಕೊಡಲು ನನಗೆ ಹತ್ತು ಸೆಕೆಂಡು ಸಾಕಾಗಿತ್ತು. ಇದನ್ನು ವಿವರಿಸಲು ಅರ್ಧ ಗಂಟೆ ಬೇಕು, ಆ ಅರ್ಧ ಗಂಟೆ ಯಾರ ಕರ್ತವ್ಯಪಟ್ಟಿಯಲ್ಲೂ ಇಲ್ಲ. ಆಲ್‌ಪ್ರಜೋಲಾಂನಂಥ ಮಾತ್ರೆಗಳನ್ನು ಈಗ ತೆಗೆದುಕೊಳ್ಳುತ್ತಿರುವವರು ಇದನ್ನು ಓದಿ ನಾಳೆಯಿಂದಲೇ ನಿಲ್ಲಿಸಬಾರದು. ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರುವ ಸಾಧ್ಯತೆಯಿದೆ. ವೈದ್ಯರ ಸಲಹೆಯಂತೆ ಪ್ರಮಾಣವನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು.

ವ್ಯಾಯಾಮದ ಬಗೆಗೆ ಹೇಳುವವರು ಬಹಳ ಮಂದಿ ಇದ್ದಾರೆ, ಹಾಗಾಗಿ ನಾನು ಹೆಚ್ಚು ಹೇಳುವುದಿಲ್ಲ. 1999ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಐವತ್ತು ದಾಟಿದ, ಖಿನ್ನತೆಯಿದ್ದ 156 ಮಂದಿಯನ್ನು ಪರೀಕ್ಷಿಸಿದಾಗ ಹದಿನಾರು ವಾರಗಳ ಕೊನೆಗೆ ಕ್ರಮವಾದ ವ್ಯಾಯಾಮವೂ ಸರ್ಟ್ರಾಲಿನ್ ಎಂಬ ಖಿನ್ನತೆಯ ಮಾತ್ರೆಯೂ ಹೆಚ್ಚುಕಡಿಮೆ ಸಮನಾದ ಫಲ ಕೊಟ್ಟಿದ್ದವು. ಆದರೆ ಆರಂಭದಲ್ಲಿ ಬೇಗ ಗುಣ ತೋರಿಸಿದ್ದು ಮಾತ್ರೆಯೇ. ಯೋಗದ ಕುರಿತು ನಿಮ್ಹಾನ್ಸ್‌ನಲ್ಲೇ ದಶಕಗಳಿಂದ ಸಂಶೋಧನೆ ನಡೆದಿದೆ, ಖಿನ್ನತೆ ಮತ್ತು ಸ್ಕಿಜೋಫ್ರೇನಿಯಾ ಎರಡರಲ್ಲೂ ಅದನ್ನು ಚಿಕಿತ್ಸೆಯ ಜೊತೆಗೆ ಬಳಸಲಾಗುತ್ತಿದೆ. ಜೊತೆಗೆ ಎಂಬ ಪದವನ್ನು ಯೋಗ ಶಿಬಿರಗಳ ಕರಪತ್ರಗಳು ನುಂಗಿಹಾಕುತ್ತವೆ. ನನ್ನ ಇನ್ನೊಂದು ತಕರಾರೆಂದರೆ, ಪೇಟೆಯಲ್ಲಿ ಕುಳಿತು ಕೆಲಸ ಮಾಡುವವರಿಗೆ ಹೇಳುವ ‘ದಿನಾ ಅರ್ಧ ಗಂಟೆ ನಡೆಯಿರಿ’ ಎಂಬ ಮಾತನ್ನೇ ಶೇಂಗಾ ಹೊಲದಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಗ್ಗಿ ಕಳೆ ಕೀಳುವ ಹೆಂಗಸಿಗೂ ಹೇಳುವುದು. ಆಕೆಗೆ ಬೇಕಾದದ್ದು ನಡಿಗೆಯಲ್ಲ. ಒಂದು ಹೊತ್ತು ಕಾಲು ಚಾಚಿ ಕೂರುವ ಬಿಡುವು, ತನ್ನವರೊಬ್ಬರೊಂದಿಗೆ ಆಡುವ ನಾಲ್ಕು ಮಾತು.

ಆ ನಾಲ್ಕು ಮಾತಿನಲ್ಲಿ ಮೊದಲು ಹೊರಬರುವುದು ಸಾಮಾನ್ಯವಾಗಿ ಸಾಲ, ಎರಡನೆಯದು ಗಂಡನ ಕುಡಿತ. ಕಿರುಸಾಲದವರು ಮನೆಯ ಬಾಗಿಲಿಗೆ ಬಂದು ಕೂರುವ ಹಾವಳಿ ಎಷ್ಟರಮಟ್ಟಿಗೆ ಹೋಗಿತ್ತೆಂದರೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರವು ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಮಂಗಳವಾರ ಕಂತು ಕಟ್ಟಬೇಕಾದ ಹೆಣ್ಣುಮಗಳಿಗೆ ಸೋಮವಾರ ರಾತ್ರಿ ನಿದ್ದೆ ಬಾರದಿದ್ದರೆ ಅದು ಮಿದುಳಿನ ಯಾವ ರಸಾಯನದ ಏರುಪೇರು? ಸಮಸ್ಯೆಯನ್ನು ಬಿಡಿಸಿ ನೋಡುವ ಆಪ್ತಸಲಹೆ ಇಂಥಲ್ಲಿ ಕೆಲಸಕ್ಕೆ ಬರುತ್ತದೆ. ಇರುವ ಸಾಲಗಳನ್ನೆಲ್ಲ ಒಂದು ಹಾಳೆಯ ಮೇಲೆ ಬರೆಯಿಸಿ, ಯಾವುದನ್ನು ಮೊದಲು ತೀರಿಸಬೇಕು, ಯಾರ ಬಳಿ ಗಡುವು ಕೇಳಬಹುದು, ಯಾವ ದೂರನ್ನು ಎಲ್ಲಿ ಕೊಡಬಹುದು ಎಂದು ವಿಂಗಡಿಸುವುದು ಮನೋಚಿಕಿತ್ಸೆಯೇ ಎಂದು ಹುಬ್ಬೇರಿಸುವವರಿದ್ದಾರೆ. ಹರಾರೆಯ ಅಜ್ಜಿಯರು ಮಾಡುವುದು ಹೆಚ್ಚುಕಡಿಮೆ ಇದನ್ನೇ. ಕುಡಿತದ ವಿಷಯದಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರಗಳು, ಪೇಟೆಗಳಲ್ಲಿ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳು ಮಾತು ಮತ್ತು ಜೊತೆಗಾರಿಕೆಯ ಬಲದ ಮೇಲೆಯೇ ನಡೆಯುತ್ತಿವೆ. ಆದರೆ ಬಹಳ ವರ್ಷ ವಿಪರೀತ ಕುಡಿದವರು ಹಠಾತ್ತನೆ ಬಿಟ್ಟಾಗ ಮೊದಲ ದಿನಗಳಲ್ಲಿ ವೈದ್ಯರ ನಿಗಾ ಮತ್ತು ಔಷಧ ಅನಿವಾರ್ಯ ಎಂಬುದನ್ನು ಎಲ್ಲರೂ ನೆನಪಿಟ್ಟರೆ ಒಳ್ಳೆಯದು.

ತೀವ್ರ ಕಾಯಿಲೆಯವರಿಗೆ ಮಾತ್ರೆಯ ಹೊರಗಿನ ಆಸರೆ ಬೇಡವೆಂದು ಭಾವಿಸುವುದೂ ತಪ್ಪು. ಅವರಿಗೆ ಅದು ಇನ್ನೂ ಹೆಚ್ಚು ಬೇಕು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಆವರಣದಲ್ಲೇ ಡೇರೆಗಳನ್ನು ಹಾಕಿಸಿ, ರೋಗಿಗಳ ಮನೆಯವರನ್ನು ಜೊತೆಗೆ ಉಳಿಸಿಕೊಂಡು, ಕಾಯಿಲೆಯನ್ನು ಅರ್ಥ ಮಾಡಿಕೊಳ್ಳುವುದನ್ನೂ ಆರೈಕೆ ಮಾಡುವುದನ್ನೂ ಅವರಿಗೆ ಕಲಿಸಿದರು. ರೋಗಿಯನ್ನು ಗೋಡೆಯೊಳಗೆ ಬಿಟ್ಟು ಮನೆಯವರು ಮರೆತುಬಿಡುತ್ತಿದ್ದ ಕಾಲದಲ್ಲಿ ಅದು ದೊಡ್ಡ ಹೆಜ್ಜೆ. ಇಂದು ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದಲ್ಲಿ ಬೇಕರಿ, ಹೊಲಿಗೆ, ತೋಟಗಾರಿಕೆಯಂಥ ಕೆಲಸಗಳ ತರಬೇತಿಯಿದೆ. ಆವರಣದಲ್ಲಿ ಚೇತರಿಸಿಕೊಳ್ಳುತ್ತಿರುವವರೇ ನಡೆಸುವ ಕೆಫೆಯಿದೆ. ರಾಜ್ಯದಲ್ಲಿ ಹಗಲು ಆರೈಕೆಗೆಂದು ಮಾನಸಧಾರಾ ಕೇಂದ್ರಗಳೂ ಇವೆ, ಆದರೆ ಅವು ಜಿಲ್ಲಾ ಕೇಂದ್ರಗಳ ಆಸುಪಾಸಿನಲ್ಲಿರುವುದರಿಂದ ಅರವತ್ತು ಎಪ್ಪತ್ತು ಕಿಲೋಮೀಟರ್ ದೂರದ ಹಳ್ಳಿಯವರು ದಿನಾ ಹೋಗಿ ಬರುವುದು ಆಗದ ಮಾತು. ನಮ್ಮ ಆಸ್ಪತ್ರೆಗೆ ತಪ್ಪದೆ ಬರುತ್ತಿದ್ದ ಯುವಕನೊಬ್ಬನ ಕಿವಿಯಲ್ಲಿ ಕೇಳುತ್ತಿದ್ದ ದನಿಗಳು ಮಾತ್ರೆಯಿಂದ ನಿಂತಿದ್ದವು. ಆದರೆ ಅವನು ಮನೆಯ ಮೂಲೆ ಬಿಟ್ಟು ಎದ್ದದ್ದು ಸೈಕಲ್ ಶಾಪಿನವರೊಬ್ಬರು ಪಂಚರ್ ಹಾಕುವ ಕೆಲಸ ಕೊಟ್ಟ ಮೇಲೆ. ಅವನ ತಾಯಿ ನನಗೆ ಹೇಳಿದ್ದು ಮಗ ಗುಣವಾದನೆಂದಲ್ಲ, ‘ಸಂಜೆ ಮನೆಗೆ ಬಂದು ಇವತ್ತು ಎಷ್ಟು ಪಂಚರ್ ಅಂತ ಹೇಳ್ತಾನೆ ಸಾರ್’ ಎಂದು.

ಇಷ್ಟೆಲ್ಲ ತಿಳಿದಿದ್ದರೂ ನಮ್ಮ ಸರ್ಕಾರಿ ವ್ಯವಸ್ಥೆಯಲ್ಲಿ ಮಾತ್ರೆ ಮುಂದೆ, ಮಾತು ಹಿಂದೆ ಏಕಾಯಿತು? 1970ರ ದಶಕದ ನಡುವಿನಲ್ಲಿ ನಿಮ್ಹಾನ್ಸ್ ಬೆಂಗಳೂರಿನ ಹೊರಗಿನ ಸಕಲವಾರದಲ್ಲಿ ಸಮುದಾಯ ಮಾನಸಿಕ ಆರೋಗ್ಯದ ಪ್ರಯೋಗ ಆರಂಭಿಸಿತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಆಯ್ದ ಕೆಲವೇ ಔಷಧಗಳನ್ನು ಹಳ್ಳಿಯವರೆಗೆ ತಲುಪಿಸಿ ತೋರಿಸಿತು. ಅದೇ ಬಳ್ಳಾರಿ ಮಾದರಿ 1996ರಿಂದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಮೂರ್ಛೆರೋಗ ಮತ್ತು ತೀವ್ರ ಮನೋರೋಗಗಳಿಗೆ ಯಾವ ಚಿಕಿತ್ಸೆಯೂ ಸಿಗದಿದ್ದ ಆ ಕಾಲದಲ್ಲಿ ಮೊದಲು ಔಷಧ ತಲುಪಿಸಿದ್ದು ಸರಿಯಾದ ಆಯ್ಕೆಯೇ. ತಪ್ಪಾದದ್ದು ನಾವು ಅಲ್ಲಿಗೇ ನಿಂತದ್ದರಲ್ಲಿ. ಜಿಲ್ಲಾ ತಂಡದಲ್ಲಿ ಮನಶ್ಶಾಸ್ತ್ರಜ್ಞರ ಹುದ್ದೆಯೂ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರ ಹುದ್ದೆಯೂ ಇವೆ. ಆದರೆ ಇಡೀ ಜಿಲ್ಲೆಗೆ ಒಬ್ಬೊಬ್ಬರು. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಡೆಸಿದ್ದು ನಿಮ್ಹಾನ್ಸೇ. ಕಾಯಿಲೆಯಿದ್ದೂ ಚಿಕಿತ್ಸೆ ಪಡೆಯದವರ ಪ್ರಮಾಣ ಬೇರೆ ಬೇರೆ ಕಾಯಿಲೆಗಳಲ್ಲಿ ಶೇ 70ರಿಂದ 92ರವರೆಗೆ ಇದೆ ಎಂದು ಅದು ಹೇಳಿತು. ಲಕ್ಷ ಜನಸಂಖ್ಯೆಗೆ ಒಬ್ಬ ಮನೋವೈದ್ಯರೂ ಇಲ್ಲದ ದೇಶದಲ್ಲಿ ಈ ಕಂದಕವನ್ನು ಮನೋವೈದ್ಯರಿಂದಲೇ ತುಂಬಿಸುತ್ತೇವೆ ಎನ್ನುವುದು ಆಗಹೋಗದ ಮಾತು.

2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ ಇದ್ದುದರಲ್ಲಿ ಒಂದು ಭರವಸೆ. 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಎನ್ನದೆ ಕನ್ನಡದಲ್ಲೇ ಉಚಿತವಾಗಿ ಮಾತನಾಡಬಹುದು. ಈ ಸಂಖ್ಯೆಯನ್ನು ತಮ್ಮ ಪತ್ರಿಕೆ ಮಾನಸಿಕ ಸಂಕಟದ ಪ್ರತಿ ಸುದ್ದಿಯ ಕೆಳಗೂ ಅಚ್ಚು ಹಾಕಬೇಕೆಂದು ಕೋರುತ್ತೇನೆ. ಆದರೆ ಒಂದೇ ಕೋಣೆಯ ಮನೆಯಲ್ಲಿ, ಮನೆಗೆಲ್ಲ ಒಂದೇ ಫೋನಿದ್ದು ಅದೂ ಗಂಡನ ಜೇಬಿನಲ್ಲಿರುವಾಗ, ಹೆಂಡತಿ ತನ್ನ ದುಃಖವನ್ನು ಯಾವ ಮೂಲೆಯಲ್ಲಿ ನಿಂತು ಹೇಳಿಕೊಂಡಾಳು? ಊರಿಗೆ ಹತ್ತಿರದಲ್ಲೇ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೊಠಡಿ, ಅಲ್ಲೊಬ್ಬರು ಮನುಷ್ಯರು ಬೇಕು.

ಆ ಮನುಷ್ಯರು ಯಾರು ಎಂದು ಕೇಳಿದ ಕೂಡಲೇ ಅಧಿಕಾರಿಗಳ ಬೆರಳು ಆಶಾ ಕಾರ್ಯಕರ್ತೆಯರ ಕಡೆ ತಿರುಗುತ್ತದೆ. ಬಾಣಂತಿಯಿಂದ ಹಿಡಿದು ಸೊಳ್ಳೆಯ ಲಾರ್ವಾ ಸಮೀಕ್ಷೆಯವರೆಗೆ ಎಲ್ಲವೂ ಅವರ ತಲೆಯ ಮೇಲಿದೆ, ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅವರು ಚಳಿಯಲ್ಲಿ ಧರಣಿ ಕೂತದ್ದನ್ನು ನಾವೆಲ್ಲ ನೋಡಿದ್ದೇವೆ. ಅವರ ಮೇಲೆ ಬಿಡಿಗಾಸಿಗೆ ಇದನ್ನೂ ಹೇರುವುದು ಅನ್ಯಾಯ. ಮೇಲಾಗಿ, ಮನಸ್ಸಿಟ್ಟು ಕೇಳಬೇಕಾದವರು ತಾವೇ ಬಳಲಿದ್ದರೆ ಕೇಳುವುದು ಹೇಗೆ? ನೊಂದವರನ್ನು ಗುರುತಿಸಿ ಕಳುಹಿಸುವ ಕೆಲಸವನ್ನು ಅವರು ಮಾಡಬಲ್ಲರು. ಕೂತು ಮಾತನಾಡುವ ಕೆಲಸಕ್ಕೆ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೊಬ್ಬರಂತೆ ಸಂಬಳದ ಆಪ್ತಸಲಹೆಗಾರರನ್ನು, ಸಾಧ್ಯವಾದಷ್ಟೂ ಅದೇ ಭಾಗದ ಹೆಣ್ಣುಮಕ್ಕಳನ್ನು ನೇಮಿಸಿ, ಜಿಲ್ಲಾ ತಂಡದ ಮನಶ್ಶಾಸ್ತ್ರಜ್ಞರು ಅವರಿಗೆ ತರಬೇತಿಯನ್ನೂ ವಾರಕ್ಕೊಮ್ಮೆ ಮಾರ್ಗದರ್ಶನವನ್ನೂ ಕೊಡುವಂತಾಗಬೇಕು. ಯುವಜನರಿಗಾಗಿ ನಿಮ್ಹಾನ್ಸ್ ಮತ್ತು ಯುವ ಸಬಲೀಕರಣ ಇಲಾಖೆ ಸೇರಿ ನಡೆಸುತ್ತಿರುವ ಯುವ ಸ್ಪಂದನದಲ್ಲಿ ಸ್ಥಳೀಯ ಯುವಕ ಯುವತಿಯರಿಗೇ ತರಬೇತಿ ಕೊಟ್ಟಿರುವ ಅನುಭವ ನಮ್ಮ ರಾಜ್ಯಕ್ಕೆ ಇದ್ದೇ ಇದೆ. ಆರೋಗ್ಯ ಕೇಂದ್ರದಲ್ಲಿ ಜಾಗವಿಲ್ಲವೆಂದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ವಾರಕ್ಕೆರಡು ಮಧ್ಯಾಹ್ನ ಒಂದು ಕೊಠಡಿ ಬಿಡಿಸಿಕೊಳ್ಳಬಹುದು. ಗ್ರಂಥಾಲಯಕ್ಕೆ ಹೋದವರನ್ನು ಯಾರೂ ಹುಚ್ಚರೆನ್ನುವುದಿಲ್ಲ ಎಂಬ ಅನುಕೂಲವೂ ಅಲ್ಲಿದೆ.

ಕೊನೆಯದಾಗಿ ಲೆಕ್ಕ. ಫಾರ್ಮಸಿಸ್ಟ್ ಆದವನು ವರ್ಷಕ್ಕೊಮ್ಮೆ ಔಷಧಗಳ ಇಂಡೆಂಟ್, ಅಂದರೆ ಬೇಡಿಕೆ ಪಟ್ಟಿ, ಹಾಕುವಾಗ ತಿಂಗಳ ಖರ್ಚನ್ನು ಹನ್ನೆರಡರಿಂದ ಗುಣಿಸಿ, ಉಳಿದ ದಾಸ್ತಾನನ್ನು ಕಳೆದು, ಬೇಕಾದ ಪ್ರಮಾಣದ ಕಾಲಂ ತುಂಬುತ್ತಾನೆ. ಅದೇ ರೂಢಿಯಲ್ಲಿ ಮಾತಿನ ಇಂಡೆಂಟನ್ನೂ ಹಾಕಿ ನೋಡಿದೆ. ಬಯಲುಸೀಮೆಯಲ್ಲಿ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 30,000 ಜನಸಂಖ್ಯೆ ಎಂಬುದು ಮಾನದಂಡ. ಅದರಲ್ಲಿ ವಯಸ್ಕರು 20,000 ಎಂದಿಟ್ಟುಕೊಳ್ಳೋಣ. ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಸದ್ಯ ಖಿನ್ನತೆಯಿರುವ ವಯಸ್ಕರು ಶೇ 2.7, ಅಂದರೆ ಸುಮಾರು 540 ಮಂದಿ. ಒಬ್ಬೊಬ್ಬರಿಗೆ ಆರು ಬಾರಿ, ಪ್ರತಿ ಬಾರಿ 40 ನಿಮಿಷ. ದಾಖಲಾತಿ, ಮನೆ ಭೇಟಿ ಎಲ್ಲ ಕಳೆದು ಒಬ್ಬ ಆಪ್ತಸಲಹೆಗಾರ್ತಿ ದಿನಕ್ಕೆ ಐದು ಮಂದಿಯನ್ನು ಕಂಡರೂ, ವರ್ಷದ 240 ಕೆಲಸದ ದಿನಗಳಲ್ಲಿ 1,200 ಭೇಟಿ, ಅಂದರೆ 200 ಮಂದಿಗೆ ಪೂರ್ಣ ಚಿಕಿತ್ಸೆ. ಮೊದಲ ವರ್ಷ 540ರಲ್ಲಿ 340 ಮಂದಿ ಉಳಿದೇ ಉಳಿಯುತ್ತಾರೆ. ಆದರೆ ಇಂದು ನನ್ನ ತಾಲ್ಲೂಕಿನ ಯಾವ ಪ್ರಾಥಮಿಕ ಆರೋಗ್ಯ ಕೇಂದ್ರದ ಪಟ್ಟಿಯಲ್ಲೂ ಆ ಕಾಲಂ ಇಲ್ಲ. ಇದ್ದಿದ್ದರೆ ಅದರ ಎದುರಿನ ಸಂಖ್ಯೆ ಸೊನ್ನೆಯಾಗಿರುತ್ತಿತ್ತು. ಮುಂದಿನ ಆಯವ್ಯಯಕ್ಕೆ ಇಲಾಖೆಯವರು ಬೇಡಿಕೆ ಸಿದ್ಧಪಡಿಸುವಾಗ ಕನಿಷ್ಠ ಒಂದು ಜಿಲ್ಲೆಯಲ್ಲಾದರೂ ಈ ಕಾಲಂ ತೆರೆಯಲಿ, ಮಾತ್ರೆಯ ದಾಸ್ತಾನು ಪುಸ್ತಕದಷ್ಟೇ ಕಟ್ಟುನಿಟ್ಟಾಗಿ ಅದರ ಲೆಕ್ಕವನ್ನೂ ಇಡಲಿ ಎಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಫಾರ್ಮಸಿಸ್ಟ್,
ಚಿತ್ರದುರ್ಗ ಜಿಲ್ಲೆ